ಅಂಬಿಗ ಗುಂಚೊನ ವಿಚಾರಣೆ

ರೂಸೆ
ನವೆಂಬರ್ ೪, ಸೋಮವಾರ

ಪ್ರೀತಿಯ ನೆವೆನಾ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀ ಎಂದು ಕೇಳಲು ನನಗೆ ಮುಖವಿಲ್ಲ, ನೀನು ಬರೆದು ತಿಂಗಳಾಗುತ್ತಾ ಬಂತು. ದಪ್ಪಮೆಣಸಿನಕಾಯಿ ಸುಡುವ ಗಡಿಬಿಡಿಯಲ್ಲಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಸುಟ್ಟದ್ದೂ ನಿಜ, ಬಾಲ್ಕನಿ ಇನ್ನೂ ಹೊಗೆ ನಾರುತ್ತಿದೆ. ಅದನ್ನು ಅರೆದು ಮಾಡಿದ ಲ್ಯುತೆನಿತ್ಸಾ ಚಟ್ನಿಯ ಎರಡು ಬಾಟಲಿ ಮುಂದಿನ ವಾರ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಶುಮೆನ್ ನಿಲ್ದಾಣಕ್ಕೆ ಹೋಗಿ ಇಸಿದುಕೋ. ನಿನ್ನ ಹೊಟ್ಟೆಗೆ ಆಗುವುದಿಲ್ಲವೆಂದು ಈ ಸಲ ಖಾರ ಕಡಿಮೆ ಹಾಕಿದ್ದೇನೆ. ಆದರೆ ತಡವಾದದ್ದು ಅದಕ್ಕಲ್ಲ. ಏನು ಬರೆಯಬೇಕೆಂದು ತೋಚದೆ ಕೂತಿದ್ದೆ, ಅಷ್ಟೇ.

ಆಟ ನಡೆಸುವ ವಾಲ್ಕೊ ಮೊನ್ನೆ ಫೋನ್ ಮಾಡಿದ್ದ. ವಿಚಾರಣೆ ಮುಗಿಯುವ ತನಕ ನ್ಯಾಯಾಧೀಶನನ್ನು ಬರೆಯುವವರೂ ಆರೋಪಿಯನ್ನು ಬರೆಯುವವರೂ ತಮ್ಮೊಳಗೆ ಫೋನು, ಮೆಸೇಜು ಇಟ್ಟುಕೊಳ್ಳಬಾರದಂತೆ. ನಮ್ಮ ಆಟದಲ್ಲಿ ಮೊದಲಿನಿಂದ ಇರುವ ಪದ್ಧತಿ, ನನಗೆ ಗೊತ್ತಿಲ್ಲದ್ದೇನಲ್ಲ. "ಅಸೆನ್‌ಗೂ ಮೆಸೇಜ್ ಹಾಕಿದೀನಿ. ಸರಿ ಅಂತ ಒಂದು ಹೆಬ್ಬೆರಳು ಕಳ್ಸಿದಾನೆ" ಎಂದ. ಆ ಹೆಬ್ಬೆರಳು ನಿನ್ನದು. ನಾನು ಹ್ಞೂಂ ಎಂದು ಫೋನ್ ಇಟ್ಟೆ. ಈ ಕಾಲದಲ್ಲಿ ಯಾರಾದರೂ ಕಾಗದ ಬರೆದಾರು ಎಂದು ಆ ಗಣಿತದ ಮೇಷ್ಟ್ರಿಗೆ ಹೊಳೆದಿಲ್ಲ. ಕಾಗದದ ಬಗ್ಗೆ ಅವನ ನಿಯಮದಲ್ಲಿ ಏನೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ನೆನಪಿದೆಯೇ, ನಾನೂ ಅಸೆನನೂ ಈ ಆಟಕ್ಕೆ ಸೇರಿದಾಗ ನೀನು ಎಷ್ಟು ನಗುತ್ತಿದ್ದೆ? ನಲವತ್ತು ಜನ ಒಂದೊಂದು ಊರಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಬರೆದು, ನೂರು ವರ್ಷ ಹಿಂದಿನ ಪ್ರಿಸ್ತಾನ್ ಎಂಬ ಇಲ್ಲದ ಬಂದರೊಂದನ್ನು ಕಟ್ಟುವುದು. "ಅಕ್ಕ ತಮ್ಮ ಇಬ್ರೂ ಸಂಜೆ ಆದ್ರೆ ನೂರು ವರ್ಷ ಹಿಂದಕ್ಕೆ ಹೋಗ್ತೀರಿ. ವಾಪಸ್ ಬರೋವಾಗ ಬ್ರೆಡ್ ತಗೊಂಡು ಬನ್ನಿ" ಅನ್ನುತ್ತಿದ್ದೆ. ಅವನು ಅಂಬಿಗ ಗುಂಚೊ ಆದ. ನಾನು ನ್ಯಾಯಾಧೀಶ ತ್ಸಾನೆವ್ ಆದೆ. ನೀರು ಸರಬರಾಜು ಕಚೇರಿಯಲ್ಲಿ ಹಗಲೆಲ್ಲ ಜನರ ದೂರು ಕೇಳಿ ತಲೆ ಅಲ್ಲಾಡಿಸುವವಳಿಗೆ ಸಂಜೆಯಾದರೂ ತೀರ್ಪು ಕೊಡುವ ಅಧಿಕಾರ ಬೇಕಿತ್ತು. ಮೊದಲ ದಿನವೇ ವಾಲ್ಕೊ ನಮಗೆಲ್ಲ ಹೇಳಿದ್ದ: "ನಿಮ್ಗೆ ಗೊತ್ತಿರೋದು ಬೇರೆ, ನಿಮ್ಮ ಪಾತ್ರಕ್ಕೆ ಗೊತ್ತಿರೋದು ಬೇರೆ. ಮಧ್ಯೆ ಒಂದು ಗೋಡೆ ಇದೆ ಅನ್ಕೊಳ್ಳಿ. ಗೋಡೆ ದಾಟಿದವ್ರು ಮನೆಗೆ ನಡೀಬೇಕು." ಇಬ್ಬರನ್ನು ಹಾಗೆ ಕಳಿಸಿಯೂ ಇದ್ದಾನೆ. ನಾನು ಒಂದು ದಿನವೂ ದಾಟಿದವಳಲ್ಲ. ಅದು ನನ್ನ ಜಂಬ.

ಈಗ ನೋಡು, ಆ ಗೋಡೆ ಎಂಥ ಜಾಗದಲ್ಲಿ ಬಂದು ನಿಂತಿದೆ. ಪ್ರಿಸ್ತಾನ್‌ನ ಸುಂಕದ ಗೋದಾಮಿಗೆ ಬೆಂಕಿ ಬಿತ್ತು, ಕಾವಲುಗಾರ ಸತ್ತ. ಆ ಸಂಜೆ ಗುಂಚೊನ ದೋಣಿ ಗೋದಾಮಿನ ಮೆಟ್ಟಿಲಿಗೆ ಕಟ್ಟಿತ್ತು ಎಂದು ಹೆಂಡದಂಗಡಿಯವನು ಹೇಳಿಕೆ ಕೊಟ್ಟ. ಗುಂಚೊ ಅಲ್ಲಿರಲೇ ಇಲ್ಲ. ತಂಬಾಕು ವ್ಯಾಪಾರಿಯ ಮಗಳನ್ನು ಮನೆಯವರಿಗೆ ತಿಳಿಯದಂತೆ ಆಚೆ ದಡಕ್ಕೆ, ಅವಳು ಮೆಚ್ಚಿದ ಹುಡುಗನ ಹತ್ತಿರಕ್ಕೆ ದಾಟಿಸುತ್ತಿದ್ದ. ಆ ಪುಟ ಬರೆದವಳು ನೀನೇ. ಸತ್ತರೂ ಯಾರಿಗೂ ಹೇಳುವುದಿಲ್ಲ ಎಂದು ಅವನಿಂದ ಅವಳಿಗೆ ಮಾತು ಕೊಡಿಸಿದವಳೂ ನೀನೇ. ನಲವತ್ತು ಜನ ಅದನ್ನು ಓದಿ ಮೆಚ್ಚಿಕೊಂಡರು. ಗುಂಚೊ ನಿರಪರಾಧಿ ಎಂದು ನಲವತ್ತು ಜನಕ್ಕೂ ಗೊತ್ತು. ಪ್ರಿಸ್ತಾನ್ ಊರಿನಲ್ಲಿ ಒಬ್ಬನಿಗೂ ಗೊತ್ತಿಲ್ಲ. ತ್ಸಾನೆವ್‌ಗಂತೂ ಗೊತ್ತೇ ಇಲ್ಲ. ಅಪರಾಧಿ ಎಂದಾದರೆ ನೇಣು. ನೇಣಾದ ಪಾತ್ರದ ಪುಟವನ್ನು ಮುಚ್ಚುತ್ತಾರೆ. ಆಮೇಲೆ ಅದರ ಹೆಸರಿನಲ್ಲಿ ಯಾರೂ ಒಂದಕ್ಷರ ಬರೆಯುವಂತಿಲ್ಲ.

ಆ ನಲವತ್ತು ಜನಕ್ಕೂ ಗೊತ್ತಿಲ್ಲದ್ದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಅಸೆನ್, ನನ್ನ ತಮ್ಮ, ನಿನ್ನ ಗಂಡ, ಫೆಬ್ರವರಿಯಲ್ಲೇ ತೀರಿಕೊಂಡ. ಆಟದ ಹೊರಗಿನ ಬದುಕನ್ನು ಕೇಳಬಾರದು ಎನ್ನುವ ಮರ್ಯಾದೆಯಲ್ಲಿ ಯಾರೂ ಕೇಳಲಿಲ್ಲ. ಅವನ ನಲವತ್ತನೆಯ ದಿನ ಗೋಧಿ ಬೇಯಿಸಿ ಸಮಾಧಿಯ ಹತ್ತಿರ ಹಂಚಿ ಬಂದೆವಲ್ಲ, ಅದರ ಮರುದಿನ ನಾನು ಕಚೇರಿಯಲ್ಲಿದ್ದೆ. ಎದುರಿಗೆ ಒಬ್ಬಾಕೆ ನೀರಿನ ಮೀಟರು ಸುಳ್ಳು ಹೇಳುತ್ತದೆ ಎಂದು ಕೂಗಾಡುತ್ತಿದ್ದಳು. ಸುಮ್ಮನೆ ಫೋನ್ ನೋಡಿದರೆ ಗುಂಚೊ ಮಾತಾಡುತ್ತಿದ್ದಾನೆ. "ಜ್ವರ ಹಿಡಿದು ಮಲಗಿದ್ದೆ ಕಣ್ರಪ್ಪಾ. ಸಾವು ಬಂದಿತ್ತು. ನನ್ನ ದೋಣಿ ಸೋರೋದು ನೋಡಿ, ಇದ್ರಲ್ಲಿ ನಾನು ಹತ್ತಲ್ಲ ಅಂತ ವಾಪಸ್ ಹೋಯ್ತು." ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ನಿನಗೆ ಫೋನ್ ಮಾಡಿದೆ. "ಅತ್ತಿಗೆ, ಅವನ ಪಾಸ್‌ವರ್ಡ್ ನನ್ ಹತ್ರ ಇತ್ತು. ಮನೆ ತುಂಬಾ ಸುಮ್ಮನಿತ್ತು" ಎಂದೆ ನೀನು. ಬೈಯಬೇಕೆಂದುಕೊಂಡಿದ್ದೆ. ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟೆ.

ಆಮೇಲೆ ನಾನೂ ಅದಕ್ಕೆ ಒಗ್ಗಿಹೋದೆ. ನಮ್ಮ ಕಟ್ಟಡದ ಬಾಗಿಲ ಮೇಲೆ ಅವನು ಹೋಗಿ ಆರು ತಿಂಗಳಾದಾಗ ಅಂಟಿಸಿದ ಸ್ಮರಣೆಯ ಚೀಟಿ ಇನ್ನೂ ಇದೆ, ಫೋಟೋ ಸಮೇತ. ಮಳೆಗೆ ಕಿವಿಯ ಹತ್ತಿರ ಹರಿದಿದೆ. ಅದನ್ನು ದಾಟಿ ಮೆಟ್ಟಿಲು ಹತ್ತಿ ಬಂದು ಲ್ಯಾಪ್‌ಟಾಪ್ ತೆರೆದರೆ, ಅವನೇ ಮೀನಿನ ಬೆಲೆಗೆ ಜಗಳ ಆಡುತ್ತಿರುತ್ತಾನೆ. ನೀನು ಅವನನ್ನು ಎಷ್ಟು ಚೆನ್ನಾಗಿ ಬರೆಯುತ್ತೀ ಎಂದರೆ, ಒಂದೊಂದು ಸಲ ಮಧ್ಯೆ ನೀನಿದ್ದೀ ಎನ್ನುವುದೇ ಮರೆತುಹೋಗುತ್ತದೆ.

ನನ್ನ ಭಯ ಹೇಳಿಬಿಡುತ್ತೇನೆ. ನೀನು ನೆವೆನಾ ಆಗಿ ನನ್ನ ಜೊತೆ ಮಾತಾಡಿ ಎಷ್ಟು ಕಾಲವಾಯಿತು? ಊಟ ಆಯಿತೇ ಎಂದರೆ ಹ್ಞೂಂ, ಕೆಲಸಕ್ಕೆ ಹೋದೆಯಾ ಎಂದರೆ ಹ್ಞೂಂ. ನೀನು ನಗುವುದು ಗುಂಚೊ ಆಗಿ ಬರೆಯುವಾಗ ಮಾತ್ರ. ಅವನೂ ಹೋದರೆ ಆ ಮನೆಯಲ್ಲಿ ನಿನಗೆ ಉಳಿಯುವುದು ಏನು? ಅದಕ್ಕೇ ಹೋದ ತಿಂಗಳು ಕೇಳಿದ್ದು, ವಾಲ್ಕೊಗೆ ನಿಜ ಹೇಳಿಬಿಡಲೇ ಅಂತ. ಹೇಳಿದರೆ ವಿಚಾರಣೆಯನ್ನೇ ನಿಲ್ಲಿಸುತ್ತಾರೆ. ನೀನು ಬರೆದೆ: "ಬೇಡ ಅತ್ತಿಗೆ. ಹೇಳಿದ್ರೆ ಎಲ್ರೂ ಅಳ್ತಾರೆ, ಅತ್ತು ಬಿಟ್ಟುಬಿಡ್ತಾರೆ. ಆಮೇಲೆ ಗುಂಚೊನ ಜೊತೆ ಯಾರೂ ಜಗಳ ಆಡಲ್ಲ. ಸತ್ತವನ ಹತ್ರ ಮಾತಾಡೋ ಹಾಗೆ ಮಾತಾಡ್ತಾರೆ. ಅಷ್ಟಕ್ಕೆ ಅವನು ಯಾಕೆ ಬದುಕಿರ್ಬೇಕು?" ಇದಕ್ಕೆ ಏನು ಉತ್ತರ ಕೊಡಲಿ ಎಂದೇ ತಿಂಗಳು ಕಳೆದೆ.

ಹಾಗಾದರೆ ಇನ್ನೊಂದು ಕೇಳುತ್ತೇನೆ. ಗುಂಚೊ ಬಾಯಿ ಬಿಡಲಿ. ಆ ಹುಡುಗಿಯ ಹೆಸರು ಹೇಳಲಿ. ಅವನು ಅಂಬಿಗ, ಸಂತನಲ್ಲ. ಕುತ್ತಿಗೆಗೆ ಹಗ್ಗ ಬಂದಾಗ ಎಂಥವನೂ ಬಾಯಿ ಬಿಡುತ್ತಾನೆ. ಅದರಲ್ಲಿ ಗೋಡೆ ದಾಟಿದ ಹಾಗೂ ಆಗುವುದಿಲ್ಲ. ಅಸೆನ್ ಆಗಿದ್ದರೆ ಹೇಳಿಸುತ್ತಿದ್ದನೇ ಎಂದು ನೀನು ಕೇಳುತ್ತೀ, ನನಗೆ ಗೊತ್ತು. ಇಲ್ಲ, ಹೇಳಿಸುತ್ತಿರಲಿಲ್ಲ. ಅವನು ಹಟಮಾರಿ. ನೀನಾದರೂ ಹಟ ಬಿಡು, ನನಗಾಗಿ.

ಚೆನ್ನಾಗಿ ತಿನ್ನು. ಹೀಟರ್ ಹಚ್ಚಿಕೋ, ವಿದ್ಯುತ್ ಉಳಿಸುತ್ತೇನೆ ಎಂದು ಚಳಿಯಲ್ಲಿ ಕೂರಬೇಡ. ದೇವರು ನಿನಗೆ ಬುದ್ಧಿ ಕೊಡಲಿ, ನನಗೂ.

ನಿನ್ನ ಅತ್ತಿಗೆ,
ರಾಡ್ಕಾ

ಮರೆತಿದ್ದೆ: ಭಾನುವಾರ ಸಂಜೆ ಆರಕ್ಕೆ ನ್ಯಾಯಾಲಯ ಸೇರುತ್ತದೆ. ಅಲ್ಲಿ ನಾನು ನಿನ್ನ ಅತ್ತಿಗೆ ಅಲ್ಲ. ತ್ಸಾನೆವ್ ಏನು ಮಾಡುತ್ತಾನೋ ಅದನ್ನೇ ಮಾಡುತ್ತೇನೆ. ಬೇರೆ ಏನನ್ನೂ ನನ್ನಿಂದ ಎದುರು ನೋಡಬೇಡ.


ರೂಸೆ
ನವೆಂಬರ್ ೨೦, ಬುಧವಾರ

ನೆವೆನಾ,

ಫೋನ್ ಎತ್ತುತ್ತಿಲ್ಲ. ಮೆಸೇಜು ನೋಡಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಲ್ಯುತೆನಿತ್ಸಾದ ಬಾಟಲಿಗಳು ನಿನ್ನೆ ವಾಪಸ್ ಬಂದವು. "ಯಾರೂ ಬರ್ಲಿಲ್ಲ ಅಮ್ಮ, ಎರಡು ಟ್ರಿಪ್ ಸುಮ್ನೆ ಹೊತ್ಕೊಂಡು ತಿರುಗ್ದೆ" ಎಂದು ಡ್ರೈವರ್ ಗೊಣಗಿದ. ನಿನ್ನ ಪಕ್ಕದ ಮನೆಗೆ ಫೋನ್ ಮಾಡಿ, ನೀನು ಕೆಲಸಕ್ಕೆ ಹೋಗಿ ಬರುತ್ತಿದ್ದೀ ಎಂದು ತಿಳಿದ ಮೇಲೆ ಉಸಿರು ಬಂತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು. ವಿಚಾರಣೆಯ ಆ ಭಾನುವಾರ ನನ್ನ ಕಡೆ ಏನಾಯಿತು ಎಂಬುದು ನಿನಗೆ ಗೊತ್ತಿರಬೇಕು. ನೀನು ಕಂಡದ್ದು ಸ್ಕ್ರೀನಿನ ಮೇಲಿನ ಸಾಲುಗಳು ಮಾತ್ರ.

ಐದು ಗಂಟೆಗೆ ವಾಲ್ಕೊ ಫೋನ್ ಮಾಡಿದ.

"ರಾಡ್ಕಾ ಅವ್ರೇ, ಒಂದ್ಮಾತು. ಅಸೆನ್ ನಿಮ್ಮ ತಮ್ಮ ಅಂತ ಎಲ್ರಿಗೂ ಗೊತ್ತು. ನೀವು ಬಿಟ್ರೆ, ಅಕ್ಕ ಬಿಡ್ಸಿದ್ಲು ಅಂತಾರೆ. ಈಗ್ಲೇ ಇಬ್ರು ಕೇಳಿದಾರೆ."

"ಯಾರು ಕೇಳಿದ್ದು?"

"ಅದು ಬೇಡ ಬಿಡಿ. ನೀವು ಗೋಡೆ ದಾಟೋರಲ್ಲ, ನಂಗೊತ್ತು."

"ಗೊತ್ತಿದ್ದ ಮೇಲೆ ಯಾಕಪ್ಪಾ ಫೋನ್ ಮಾಡ್ದೆ?"

"ಕಷ್ಟ ಆದ್ರೆ ಹೇಳಿ, ಬೇರೆ ನ್ಯಾಯಾಧೀಶರನ್ನ ಕೂರಿಸ್ತೀನಿ. ಅದ್ರಲ್ಲಿ ಅವಮಾನ ಏನಿಲ್ಲ."

ಅವಮಾನ ಅಂದನಲ್ಲ, ಅದೇ ನನಗೆ ಚುಚ್ಚಿದ್ದು. "ಪ್ರಿಸ್ತಾನ್‌ಗೆ ನ್ಯಾಯಾಧೀಶ ಒಬ್ಬನೇ. ಆರಕ್ಕೆ ಬರ್ತಾನೆ" ಎಂದು ಫೋನ್ ಇಟ್ಟೆ. ಚಹಾ ಮಾಡಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತೆ. ಅದು ಆರಿಹೋಯಿತು, ಕುಡಿಯಲಿಲ್ಲ.

ಹೆಂಡದಂಗಡಿಯವನನ್ನು ಬರೆಯುವ ಸೋಫಿಯಾದ ಆ ಹುಡುಗ, ಇವಾಯ್ಲೊ, ನಿನಗೆ ಗೊತ್ತಲ್ಲ, ಕಾನೂನು ಓದುವವನು. ಪಾಪ, ಆಟದ ಹೊರಗೆ ಎಲ್ಲರಿಗೂ ಮೊದಲೇ ಕ್ಷಮೆ ಕೇಳಿದ್ದ. "ನಂಗೂ ಗುಂಚೊ ಅಂದ್ರೆ ಪ್ರಾಣ. ಆದ್ರೆ ನನ್ನ ಮನುಷ್ಯ ಕಂಡಿದ್ದನ್ನ ಹೇಳ್ಲೇಬೇಕಲ್ಲ" ಎಂದಿದ್ದ. ತಂಬಾಕು ವ್ಯಾಪಾರಿಯ ಮಗಳನ್ನು ಬರೆಯುವ ಬುರ್ಗಾಸ್‌ನ ಹೆಂಗಸೂ ನನಗೆ ಬರೆದಿದ್ದಳು: "ನನ್ನ ಹುಡುಗಿಗೆ ಆಚೆ ದಡದಲ್ಲಿ ಸುದ್ದಿ ಮುಟ್ಟೋ ದಾರೀನೇ ಇಲ್ವಲ್ಲ. ಅವಳು ಹಾಯಾಗಿ ಮದುವೆ ಊಟ ಮಾಡ್ತಿದಾಳೆ, ನಾನಿಲ್ಲಿ ಅಳ್ತಾ ಕೂತಿದೀನಿ." ನೋಡು, ಎಲ್ಲರೂ ಎಷ್ಟು ಪ್ರಾಮಾಣಿಕರು. ಒಬ್ಬರಾದರೂ ಸ್ವಲ್ಪ ಮೋಸ ಮಾಡಿದ್ದರೆ ಗುಂಚೊ ಬದುಕುತ್ತಿದ್ದ.

ತ್ಸಾನೆವ್ ಸಾಕ್ಷಿಯನ್ನು ಕೇಳಿದ. ಹಸಿರು ಲಾಟೀನು ಕಂಡಿತು ಸ್ವಾಮಿ, ಈ ನದೀಲಿ ಹಸಿರು ಲಾಟೀನು ಇರೋದು ಗುಂಚೊಂದು ಮಾತ್ರ, ಎಂದ ಅಂಗಡಿಯವನು. ಮಂಜಿರಲಿಲ್ಲವೇ ಎಂದರೆ, ಇತ್ತು ಸ್ವಾಮಿ, ಆದ್ರೂ ಹಸಿರು ಹಸಿರೇ, ಎಂದ. ಆಮೇಲೆ ಗುಂಚೊನ ಸರದಿ ಬಂತು.

"ಆ ಸಂಜೆ ಎಲ್ಲಿದ್ದೆ?"

ಉತ್ತರ ಬರೆಯುತ್ತಿರುವ ಗುರುತಿನ ಮೂರು ಚುಕ್ಕಿ ಕಾಣಿಸಿಕೊಂಡವು, ಮಾಯವಾದವು, ಮತ್ತೆ ಕಾಣಿಸಿಕೊಂಡವು. ಶುಮೆನ್‌ನಲ್ಲಿ ನೀನು ಕೈ ಎತ್ತುವುದು, ಇಳಿಸುವುದು ನನಗೆ ಎದುರಿಗಿದ್ದಂತೆ ಕಂಡಿತು. ಹೇಳೇ, ಹೇಳಿಬಿಡೇ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತಿದ್ದೆ, ಖಾಲಿ ಅಡುಗೆಮನೆಯಲ್ಲಿ.

"ನದೀಲಿದ್ದೆ ಸ್ವಾಮಿ."

"ಯಾರ ಜೊತೆ?"

"ನೀರಿನ ಜೊತೆ."

"ಇದು ತಮಾಷೆಯ ಜಾಗವಲ್ಲ."

"ಅದು ನಂಗೂ ಗೊತ್ತು ಸ್ವಾಮಿ. ಆದ್ರೆ ನನ್ ಹತ್ರ ಇರೋದು ಅದೊಂದೇ."

ಆ ಕೊನೆಯ ಮಾತು ಯಾರದು ಎಂದು ನಾನು ಕೇಳುವುದಿಲ್ಲ. ನ್ಯಾಯಾಧೀಶರು ಯೋಚಿಸುತ್ತಿದ್ದಾರೆ ಎಂದು ವಾಲ್ಕೊ ಎಲ್ಲರಿಗೂ ತಿಳಿಸಿದ. ಆಮೇಲೆ ತೀರ್ಪು ಬಂತು. ತ್ಸಾನೆವ್ ಸಾಕ್ಷಿ ಕೇಳಿದ, ಆರೋಪಿ ತಾನೆಲ್ಲಿದ್ದೆ ಎಂದು ಹೇಳಲಿಲ್ಲ, ತ್ಸಾನೆವ್ ತನ್ನ ಕೆಲಸ ಮಾಡಿದ. ಸಿಟ್ಟು ಮಾಡುವುದಾದರೆ ಅವನ ಮೇಲೆ ಮಾಡು. ನೀನೇ ಹೇಳಿದ್ದೆಯಲ್ಲ, ಕನಿಕರಕ್ಕೆ ಬದುಕುವುದು ಬೇಡ ಎಂದು. ನಾನು ಕನಿಕರ ತೋರಿಸಲಿಲ್ಲ. ನೀನು ಕೇಳಿದ್ದನ್ನೇ ಕೊಟ್ಟೆ.

ಕೊನೆಯ ಮಾತೇನಾದರೂ ಇದೆಯೇ ಎಂದು ನ್ಯಾಯಾಧೀಶ ಕೇಳಲೇಬೇಕು, ಕೇಳಿದ. ಗುಂಚೊ ಹೇಳಿದ:

"ಸ್ವಾಮಿ, ನಿಮ್ಮ ಬೂಟಿನ ಲಾಡಿ ಬಿಚ್ಚಿದೆ. ಎಡವೀರಿ, ಜೋಪಾನ."

ನಲವತ್ತು ಜನ ಅತ್ತುಕೊಂಡೇ ನಕ್ಕರಂತೆ. ನೇಣಿಗೆ ಹೋಗುವವನು ನ್ಯಾಯಾಧೀಶನ ಬೂಟಿನ ಚಿಂತೆ ಮಾಡುವುದು, ಗುಂಚೊ ಅಂದರೆ ಅದೇ. ಯಾರಿಗೂ ಇನ್ನೇನೂ ಕಾಣಲಿಲ್ಲ. ಆದರೆ ಅದು ಅಸೆನ್ ನನಗೆ ಹೇಳುತ್ತಿದ್ದ ಮಾತು. ಅಪ್ಪನನ್ನು ಮಣ್ಣು ಮಾಡುವಾಗ ನನ್ನ ಬೆನ್ನ ಹಿಂದೆ ನಿಂತು ಪಿಸುಗುಟ್ಟಿದ್ದ, "ಅಕ್ಕಾ, ಲಾಡಿ ಬಿಚ್ಚಿದೆ." ನನ್ನ ಮದುವೆಯಲ್ಲಿ ಪಾದ್ರಿ ತಲೆಯ ಮೇಲೆ ಕಿರೀಟ ಹಿಡಿದಾಗಲೂ ಅದನ್ನೇ ಹೇಳಿದ. ಎರಡು ಸಲವೂ ನಾನು ಬಗ್ಗಿ ನೋಡಿದೆ, ಎರಡು ಸಲವೂ ಲಾಡಿಯೇ ಇಲ್ಲದ ಚಪ್ಪಲಿ. ಅಳು ಬರುವ ಕಡೆಯಲ್ಲೆಲ್ಲ ಅವನು ನನಗೆ ಹೀಗೆ ಮಾಡುತ್ತಿದ್ದ. ನಿನಗೆ ಅವನೇ ಹೇಳಿದ್ದನೋ, ಎಂದಾದರೂ ಇದನ್ನು ಬಳಸು ಎಂದು ಆಸ್ಪತ್ರೆಯಲ್ಲಿ ಹೇಳಿಹೋಗಿದ್ದನೋ, ಅಥವಾ ಅವನು ಹೇಳುವುದನ್ನು ನೀನೇ ಎಂದೋ ಕೇಳಿಸಿಕೊಂಡಿದ್ದೆಯೋ, ನನಗೆ ಗೊತ್ತಿಲ್ಲ.

ತ್ಸಾನೆವ್‌ಗೆ ಅದರಲ್ಲಿ ಏನೂ ತಿಳಿಯುವಂತಿರಲಿಲ್ಲ. ಅವನು ಬಗ್ಗಿ ನೋಡಲಿಲ್ಲ. "ಬರೆದುಕೊಳ್ಳಿ" ಎಂದು ಗುಮಾಸ್ತನಿಗೆ ಹೇಳಿ ಎದ್ದುಹೋದ. ಅಡುಗೆಮನೆಯಲ್ಲಿ ನಾನು ಬಗ್ಗಿ ನೋಡಿದೆ. ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದೆ. ಅಲ್ಲೇ ಮೇಜಿನ ಕೆಳಗೆ ತಲೆ ಇಟ್ಟುಕೊಂಡು, ಫೆಬ್ರವರಿಯಿಂದ ಬಾರದಿದ್ದ ಅಳುವನ್ನೆಲ್ಲ ಅತ್ತೆ. ಅವನ ಸಮಾಧಿಯ ಮುಂದೆ ನಾನು ಅಳಲಿಲ್ಲವೆಂದು ನಿನಗೆ ಆಗ ಬೇಸರವಾಗಿತ್ತು, ನನಗೆ ತಿಳಿದಿತ್ತು. ಆಮೇಲಂತೂ ಅವನು ಸಂಜೆ ಸಂಜೆ ಮಾತಾಡುತ್ತಿದ್ದ, ಅಳುವುದಕ್ಕೆ ಏನಿತ್ತು?

ವಾಲ್ಕೊ ಮರುದಿನ ಫೋನ್ ಮಾಡಿದ. "ರಾಡ್ಕಾ ಅವ್ರೇ, ಇಷ್ಟು ವರ್ಷದಲ್ಲಿ ಇಂಥ ಶುದ್ಧವಾದ ಆಟ ನಾನು ನೋಡಿಲ್ಲ. ಸ್ವಂತ ತಮ್ಮನ ಪಾತ್ರ. ಹೊಸಬರಿಗೆಲ್ಲ ಇದನ್ನೇ ತೋರಿಸ್ತೀನಿ. ಅಸೆನ್‌ಗೆ ಹೇಳಿ, ಬೇಜಾರು ಮಾಡ್ಕೋಬೇಡ, ಒಂದು ಹೊಸ ಪಾತ್ರ ಮಾಡ್ಕೊಂಡು ಬೇಗ ಬಾ ಅಂತ." ಹೇಳುತ್ತೇನೆ ಎಂದೆ.

ಹಬ್ಬಕ್ಕೆ ಇಲ್ಲಿಗೆ ಬಂದುಬಿಡು. ನೀನು ಬಾರದಿದ್ದರೆ ನಾನೇ ಬರುತ್ತೇನೆ, ಬಾಗಿಲು ತೆಗೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ನಾವಿಬ್ಬರೂ ಅವನ ಬಗ್ಗೆ ನಮ್ಮ ಸ್ವಂತ ಬಾಯಲ್ಲಿ ಮಾತಾಡೋಣ. ದೇವರು ನಿನ್ನನ್ನು ಕಾಪಾಡಲಿ. ಬೆಚ್ಚಗಿರು.

ನಿನ್ನ
ರಾಡ್ಕಾ

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಮೇಲೆ ಹೇಳಿದ್ದರಲ್ಲಿ ಒಂದು ಸುಳ್ಳು. ತ್ಸಾನೆವ್ ತನ್ನ ಕೆಲಸ ಮಾಡಿದ ಎಂದೆನಲ್ಲ, ಅವನು ಮಾಡಲಿಲ್ಲ. ಅವನ ಹಳೆಯ ತೀರ್ಪುಗಳನ್ನು ತೆಗೆದು ನೋಡು. ಕುದುರೆ ಕಳ್ಳನನ್ನು ಬಿಟ್ಟ, ಗಂಡನಿಗೆ ವಿಷ ಹಾಕಿದಳು ಎಂಬ ಆರೋಪ ಹೊತ್ತ ಹೆಂಗಸನ್ನು ಬಿಟ್ಟ. ಸಾಕ್ಷಿ ಒಬ್ಬನೇ ಎಂದರೆ, ಊರೆಲ್ಲ ಉಗಿದರೂ ಅವನು ಬಿಟ್ಟುಬಿಡುವವನು. ಮಂಜಿನಲ್ಲಿ ಕಂಡ ಒಂದು ಲಾಟೀನನ್ನು ನಂಬಿ ಅವನು ಯಾರನ್ನೂ ನೇಣಿಗೆ ಕಳಿಸಿದವನಲ್ಲ. ನಿನಗೂ ಅದು ಗೊತ್ತಿತ್ತು, ಅದಕ್ಕೇ ಗುಂಚೊನ ಬಾಯಿ ಬಿಡಿಸದೆ ಧೈರ್ಯವಾಗಿದ್ದೆ. ಬಿಡುಗಡೆಯ ತೀರ್ಪನ್ನು ನಾನು ಬರೆದೂ ಆಗಿತ್ತು, ಕಳಿಸುವುದೊಂದೇ ಬಾಕಿ. ಆಗ ಆ ನಲವತ್ತು ಜನ ನನ್ನ ಬಗ್ಗೆ ಏನೆಂದಾರು ಎಂದು ಯೋಚನೆ ಬಂತು. ಅಳಿಸಿ ಇನ್ನೊಂದನ್ನು ಬರೆದೆ. ಗೋಡೆ ದಾಟಿದವಳು ನಾನೊಬ್ಬಳೇ, ಎಲ್ಲರೂ ಹೊಗಳುತ್ತಿರುವುದೂ ನನ್ನನ್ನೇ. ಬೇರೆ ಯಾರ ತಮ್ಮನಾಗಿದ್ದರೂ ಬಿಟ್ಟುಬಿಡುತ್ತಿದ್ದೆ, ನೆವೆನಾ.